ಬಿಸಿಲೇರುವ ಮುಂಚೆ

ಕೊಪ್ಪಳದಲ್ಲಿ ವಸಂತ ಎಂಬ ಮಾತೆತ್ತಿದರೆ ನಗುವವರೇ ಹೆಚ್ಚು. ಶಿವರಾತ್ರಿಗೆ ಚಳಿ ಶಿವಶಿವ ಅಂತ ಹೋಯಿತು, ಮರುದಿನದಿಂದ ಫ್ಯಾನಿನ ಕೆಳಗೆ ಹಾಸಿಗೆ. ಮಾವಿನ ಚಿಗುರು, ಕೋಗಿಲೆ, ತಂಗಾಳಿ ಎಲ್ಲ ಪಾಠದ ಪುಸ್ತಕದ ಮಾತು, ನಮ್ಮದು ಕಲ್ಲು, ಕಾವು, ಜಾಲಿ. ಹೀಗಂತ ನಾನೂ ಎಷ್ಟೋ ವರ್ಷ ಹೇಳುತ್ತ ಬಂದವಳೇ. ಈಗ ಅಷ್ಟು ಖಚಿತವಾಗಿ ಹೇಳಲಾರೆ. ನಮ್ಮ ಕಡೆಯ ವಸಂತ ದಿನಕ್ಕೆ ನಾಲ್ಕು ತಾಸಿನದು. ನಸುಕಿಗೆ ಶುರುವಾಗಿ ಒಂಬತ್ತು ಒಂಬತ್ತೂವರೆಗೆ ಮುಗಿಯುತ್ತದೆ. ಆ ಹೊತ್ತಿನಲ್ಲಿ ನಾವೆಲ್ಲ ಅಂಗಳಕ್ಕೆ ನೀರು ಹೊಡೆಯುತ್ತಲೋ ಚಹಾ ಕುಡಿಯುತ್ತಲೋ ಇರುವುದರಿಂದ ಅದು ನಮಗೆ ಕಂಡಿಲ್ಲ, ಅಷ್ಟೆ.

ನಮ್ಮನೆಯವರು ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಬಂದ ಮೊದಲ ಮಾರ್ಚ್ ಇದು. ಮೊದಲೆಲ್ಲ ಮಾರ್ಚ್ ಅಂದರೆ ಅವರ ಮುಖ ಕಾಣುವುದೇ ರಾತ್ರಿ ಒಂಬತ್ತರ ಮೇಲೆ. ಈ ಸಲ ಹೋಳಿ ಹುಣ್ಣಿಮೆ ಮುಗಿದು ಬಣ್ಣದ ಅರಿವೆ ತೊಳೆದು ಹಾಕುವಾಗ ಬೆಂಗಳೂರಿಂದ ಮಗಳ ಫೋನು: ಊಟಿಗೆ ಹೋಗಿ ಬರ್ರಿ, ಟಿಕೆಟ್ ನಾ ಮಾಡಿಸ್ತೀನಿ. ಇವರು ಬೇಡವೆಂದರು. "ಇಷ್ಟು ವರ್ಷ ಈ ಊರಾಗ ಇದ್ದು ಪಾಲ್ಕಿಗುಂಡು ಹತ್ತಿಲ್ಲ ನಾ. ಮೊದಲ ಮನಿ ಸುತ್ತಲಿಂದು ನೋಡೂಣು, ಆಮ್ಯಾಲೆ ಊಟಿ." ಸರಿ, ಹಾಗಾದರೆ ನನ್ನದೊಂದು ಷರತ್ತು ಅಂದೆ. ಕತ್ತಲಿರುವಾಗಲೇ ಹೊರಡಬೇಕು, ಬಿಸಿಲು ನೆತ್ತಿಗೆ ಬರುವಷ್ಟರಲ್ಲಿ ಮನೆಯಲ್ಲಿರಬೇಕು. ಅಷ್ಟರಲ್ಲಿ ಎಲ್ಲಿಗೆ ಹೋಗಿ ಬರಲಾಗುತ್ತದೋ ಅದೇ ನಮ್ಮ ಪ್ರವಾಸ.

ಸೋಮವಾರ

ಪಾಲ್ಕಿಗುಂಡಿನ ಬುಡಕ್ಕೆ ಸ್ಕೂಟರಿನಲ್ಲಿ ಹೋಗುವುದಕ್ಕೆ ಎಷ್ಟು ಹೊತ್ತೂ ಹಿಡಿಯಲಿಲ್ಲ. ಹತ್ತುವುದಕ್ಕೆ ಹಿಡಿಯಿತು. ಮೆಟ್ಟಿಲು ಸ್ವಲ್ಪ ದೂರ, ಆಮೇಲೆ ಬಂಡೆಯೇ ದಾರಿ. ಕೈಯೂರಿ, ಕೂತು, ಎದ್ದು, ಅಂತೂ ಮೇಲೆ ಮುಟ್ಟಿದೆವು. ಎರಡು ಬಂಡೆಗಳ ಮೇಲೆ ಚಪ್ಪಟೆಯ ಭಾರೀ ಕಲ್ಲೊಂದು ಚಾವಣಿಯಾಗಿ ಕೂತಿದೆ. ಅದರ ಕೆಳಗೆ ನೆರಳು, ನೆರಳಿನಲ್ಲಿ ಅಶೋಕನ ಶಾಸನ. ಬ್ರಾಹ್ಮಿ ಅಕ್ಷರ, ಪ್ರಾಕೃತ ಮಾತು. ಇಲ್ಲಿಯದು ಸಾಕಷ್ಟು ಸವೆದಿದೆ. ಅಕ್ಷರ ಚೆನ್ನಾಗಿ ಉಳಿದಿರುವುದು ಕೆಳಗೆ ಗವಿಮಠದ ಬಂಡೆಯ ಮೇಲಿನದು. ಎರಡೂ ವಿದ್ವಾಂಸರ ಕಣ್ಣಿಗೆ ಬಿದ್ದದ್ದು 1931ರಲ್ಲಿ. ಅಲ್ಲಿಯವರೆಗೆ ದನ ಕಾಯುವವರು ಅದರ ನೆರಳಿಗೆ ಕೂತು ಬುತ್ತಿ ಉಂಡಿರಬೇಕು. ಆ ಸಾಲುಗಳ ತಿರುಳು ಇಷ್ಟು: ಪ್ರಯತ್ನ ಪಟ್ಟರೆ ಸಣ್ಣವನಿಗೂ ಸ್ವರ್ಗ ಸಿಕ್ಕೀತು, ಅದು ದೊಡ್ಡವರಿಗಷ್ಟೇ ಅಲ್ಲ. ಏದುಸಿರು ಬಿಡುತ್ತ ಅಲ್ಲಿಗೆ ಹತ್ತಿದವರಿಗೆ ಆ ಮಾತನ್ನು ಯಾರೂ ವಿವರಿಸಬೇಕಿಲ್ಲ.

ಗುಡ್ಡದ ಮೈಯಲ್ಲಿ ಎಲೆ ಇರುವ ಗಿಡ ಕಡಿಮೆ. ಅದೇ ಈ ಕಾಲದ ಸೊಗಸು ಅಂತ ಅವತ್ತು ನನಗೆ ಹೊಳೆಯಿತು. ಎಲೆಯೆಲ್ಲ ಉದುರಿಸಿ ಬರಿಗೊಂಬೆಯ ತುದಿಗೆ ಹಳದಿ ಹೂ ಹೊತ್ತ ಅರಿಶಿನ ಬೂರುಗ ಒಂದು ಬಂಡೆಯ ಸಂದಿನಲ್ಲಿ ನಿಂತಿತ್ತು. ಮಣ್ಣು ಎಲ್ಲಿದೆ ಅಂತ ಬಗ್ಗಿ ನೋಡಿದೆ, ಕಾಣಲಿಲ್ಲ. ಪೊದೆಯೊಳಗಿನಿಂದ ಕವುಜುಗ ಕೂಗುತ್ತಲೇ ಇತ್ತು. ಎದುರಿಗೆ ಕೋಟೆ. 1786ರಲ್ಲಿ ಟಿಪ್ಪು ಅದನ್ನು ಪಾಳೆಯಗಾರನಿಂದ ಕಿತ್ತುಕೊಂಡು ಫ್ರೆಂಚ್ ಎಂಜಿನಿಯರುಗಳ ಕೈಯಲ್ಲಿ ಮತ್ತೆ ಕಟ್ಟಿಸಿದ. 1858ರಲ್ಲಿ ಮುಂಡರಗಿ ಭೀಮರಾಯರು ಬ್ರಿಟಿಷರ ವಿರುದ್ಧ ನಿಂತು ಜೀವ ಬಿಟ್ಟದ್ದೂ ಅಲ್ಲೇ. ಕವಿರಾಜಮಾರ್ಗದವನು ಕನ್ನಡದ ತಿರುಳಿರುವ ನಾಡಿಗೆ ಗಡಿಗಲ್ಲಾಗಿ ಎಣಿಸಿದ ಊರುಗಳಲ್ಲಿ ಮಹಾಕೊಪಣ, ಅಂದರೆ ಇದೇ ಕೊಪ್ಪಳ, ಒಂದು. ಇಷ್ಟೆಲ್ಲ ಇರುವ ಊರಿನಲ್ಲಿ ನಾವು ಬಂದ ಬೀಗರನ್ನು ಹಂಪಿಗೆ ಕರೆದುಕೊಂಡು ಹೋಗುತ್ತೇವೆ!

ಎಂಟೂವರೆಗೆ ಬಂಡೆ ಅಂಗಾಲಿಗೆ ಬಿಸಿ ಮುಟ್ಟಿಸತೊಡಗಿತು. ಇಳಿದೆವು.

ಮಂಗಳವಾರ

ಮಂಗಳವಾರ ಮುನಿರಾಬಾದ್ ಕಡೆ ಹೊರಡುವವರು ಹುಲಿಗೆಮ್ಮನನ್ನು ಲೆಕ್ಕಕ್ಕೆ ಹಿಡಿಯಲೇಬೇಕು. ಮಂಗಳವಾರ, ಶುಕ್ರವಾರ, ಹುಣ್ಣಿಮೆ ಅಂದರೆ ಹುಲಿಗಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ನಾವು ಇನ್ನೂ ಗಿಣಿಗೇರಿ ದಾಟುವಾಗಲೇ ರಸ್ತೆಯಂಚಿನಲ್ಲಿ ಬರಿಗಾಲಿನವರ ಸಾಲು, ಹಿಂದೆ ಟ್ರ್ಯಾಕ್ಟರು, ಟಂಟಂ, ಟ್ರ್ಯಾಲಿಯೊಳಗೆ ಕೋಳಿ, ಮಕ್ಕಳು, ಪಾತ್ರೆ. ಒಬ್ಬ ಮುದುಕಿ ಬೇವಿನ ತಪ್ಪಲು ಹಿಡಿದು ನಡೆಯುತ್ತಿದ್ದರು. "ಯವ್ವಾ, ಬರ್ರಿ, ಹಿಂದ ಕುಂದರ್ರಿ" ಅಂತ ಇವರು ಗಾಡಿ ನಿಲ್ಲಿಸಿದರು. ನಾನು ಕೂತಿದ್ದೆ ಹಿಂದೆ, ಆಕೆ ಎಲ್ಲಿ ಕೂರಬೇಕು? ಮುದುಕಿ ನಕ್ಕು, "ನಡಕೋತ ಬರ್ತೀನಿ ಅಂತ ಹರಕಿ ಹೊತ್ತೀನಪ್ಪಾ" ಅಂದರು. ಇವರ ಧರ್ಮ ಅಲ್ಲಿಗೆ ಉಳಿಯಿತು.

ಅಮ್ಮನಿಗೆ ದೂರದಿಂದಲೇ ಕೈಮುಗಿದು ತುಂಗಭದ್ರಾ ಜಲಾಶಯದ ಹಿನ್ನೀರಿನ ಕಡೆ ತಿರುಗಿದೆವು. ಮಳೆಗಾಲದಲ್ಲಿ ನೀರು ನಿಲ್ಲುವ ಜಾಗ ಮಾರ್ಚಿನಲ್ಲಿ ಹುಲ್ಲುಗಾವಲು. ನೀರು ಹಿಂದೆ ಸರಿದಂತೆ ಅದರ ಬೆನ್ನಿಗೇ ಹಸಿರು ಮೂಡುತ್ತ ಹೋಗುತ್ತದೆ, ಆ ಹಸಿರಿನ ಬೆನ್ನಿಗೆ ಕುರಿ. ಬ್ಯಾಸಿಗೆಯಲ್ಲಿ ಇಷ್ಟು ಎಳೆಯ ಹುಲ್ಲು ಈ ಜಿಲ್ಲೆಯಲ್ಲಿ ಬೇರೆ ಎಲ್ಲಿ ಸಿಗುತ್ತದೋ ಕಾಣೆ. ಒಬ್ಬ ಕುರಿಗಾರ ಹುಡುಗ ತೋರಿಸಿದ ಕಡೆ ನೋಡಿದರೆ ಬೂದು ಬಣ್ಣದ ಬಾತುಗಳು ನೀರಂಚಿನಲ್ಲಿ ಮೇಯುತ್ತಿದ್ದವು. ತಲೆಯ ಹಿಂದೆ ಎರಡು ಕಪ್ಪು ಪಟ್ಟೆ. ಪಟ್ಟೆತಲೆ ಹೆಬ್ಬಾತು. ಟಿಬೆಟ್, ಮಂಗೋಲಿಯಾ ಕಡೆಯಿಂದ ಹಿಮಾಲಯವನ್ನೇ ದಾಟಿ ಚಳಿಗಾಲಕ್ಕೆ ನಮ್ಮಲ್ಲಿಗೆ ಬರುವವು ಇವು. ಬಹುತೇಕ ಹಿಂಡುಗಳು ಈಗಾಗಲೇ ಹೊರಟು ಹೋಗಿರುತ್ತವೆ. ಇವು ಕೊನೆಗೆ ಉಳಿದವು. ಹುಡುಗನಿಗೆ ಅವುಗಳ ಊರು ಹೇಳಿದೆ. ನಂಬಲಿಲ್ಲ. "ಅಲ್ಲಿಂದ ಇಲ್ಲಿಗೆ ಕಡ್ಲಿ ತಿನ್ನಾಕ ಬರ್ತಾವೇನ್ರಿ?" ಅಂದ. ಹಿಂಗಾರಿಯ ಕಡಲೆ ಹೊಲಕ್ಕೆ ಇವು ನುಗ್ಗುತ್ತವೆ ಅನ್ನುವುದು ಅವನ ದೂರು.

ತಿರುಗಿ ಬರುವಾಗ ಅಣೆಕಟ್ಟೆ ಕಂಡಿತು. ನನ್ನ ತವರು ಸಿಂಧನೂರು ಕಡೆ. ಎಡದಂಡೆ ಕಾಲುವೆ ಇಲ್ಲಿಂದ ಹೊರಟು ಗಂಗಾವತಿ, ಕಾರಟಗಿ ದಾಟಿ ನಮ್ಮ ಗದ್ದೆಗೆ ಬರುತ್ತದೆ. 1953ರಲ್ಲಿ ನೀರು ನಿಂತ ಮೇಲೆಯೇ ನಮ್ಮಜ್ಜ ಜೋಳ ಬಿಟ್ಟು ನೆಲ್ಲು ಹಚ್ಚಿದ್ದು. ಹಾಗಾಗಿ ಮೂವತ್ಮೂರು ಗೇಟುಗಳ ಆ ಸಾಲನ್ನು ನಾನು ಸುಮ್ಮನೆ ನೋಡಿದ್ದೇ ಇಲ್ಲ. 2024ರ ಆಗಸ್ಟ್ 10ರ ರಾತ್ರಿ ಹತ್ತೊಂಬತ್ತನೇ ಗೇಟಿನ ಚೈನು ತುಂಡಾಗಿ ಗೇಟೇ ಕೊಚ್ಚಿ ಹೋದಾಗ ನಮ್ಮಣ್ಣ ನಿದ್ದೆ ಮಾಡದೆ ಫೋನು ಮಾಡುತ್ತಲೇ ಇದ್ದ. ಉಳಿದ ಗೇಟುಗಳ ಮೇಲಿನ ಒತ್ತಡ ತಗ್ಗಿಸಲು ತುಂಬಿದ ನೀರನ್ನು ನದಿಗೆ ಬಿಡಬೇಕಾಯಿತು. ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಅನ್ನುವ ತಡೆಹಲಗೆ ಇಳಿಸಿ ಕಂಡಿ ಮುಚ್ಚಿದ ದಿನ ಅವನ ಧ್ವನಿ ಮೊದಲಿನಂತಾಯಿತು. ಹೂಳು ತುಂಬಿ ಈಗ ಜಲಾಶಯ ಹಿಡಿಯುವುದು ಸುಮಾರು 105 ಟಿಎಂಸಿ, ಕಟ್ಟಿದಾಗ 133 ಇತ್ತು. ನಾನು ಮೆಚ್ಚಿಕೊಂಡ ಆ ಹುಲ್ಲುಗಾವಲು ಬೆಳೆದದ್ದು ಅದೇ ಹೂಳಿನ ಮೇಲೆ. ಇದನ್ನು ಇವರಿಗೆ ಹೇಳಿದೆ. "ಕುರಿಗೆ ಲಾಭ, ನಿಮ್ಮಣ್ಣಗ ಲುಕ್ಸಾನ" ಅಂದರು.

ಬುಧವಾರ

ಹಿರೇಬೆಣಕಲ್ಲಿಗೆ ಸ್ಕೂಟರ್ ಬೇಡ ಅಂತ ಪರಿಚಯದವರ ಕಾರು ಕೇಳಿ ತಂದಿದ್ದರು. ಊರು ಮುಟ್ಟಿದಾಗ ಮೂಡಲಲ್ಲಿ ಇನ್ನೂ ಕೆಂಪು. ಅಲ್ಲಿಯವರೇ ಒಬ್ಬರು, ಆಡು ಮೇಯಿಸುವವರು, ದಾರಿ ತೋರಿಸಲು ಒಪ್ಪಿದರು. ಅವರಿಲ್ಲದೆ ಹೋಗುವ ಮಾತೇ ಇಲ್ಲ: ದಾರಿ ಬಂಡೆಗಳ ನಡುವೆ ಕವಲಾಗುತ್ತ ಹೋಗುತ್ತದೆ, ಕರಡಿ, ಚಿರತೆಗಳ ಜಾಗ ಬೇರೆ. ಕೈಯಲ್ಲೊಂದು ಕೋಲು, ಹೆಗಲ ಮೇಲೆ ಟವೆಲ್ಲು. ನೀರಿನ ಬಾಟಲಿ ಎಷ್ಟಿದೆ ಅಂತ ಮೊದಲು ಕೇಳಿದರು, ಆಮೇಲೆ ನನ್ನ ಕಾಲು ನೋಡಿದರು. "ಚಪ್ಪಲ್ ಬ್ಯಾಡ್ರಿ ಅಕ್ಕಾರ." ಬೂಟು ಕಾರಿನಲ್ಲಿತ್ತು.

ಮೊದಲು ಸಣ್ಣ ಗುಡ್ಡ, ಅದರಾಚೆ ಇನ್ನೊಂದು. ಬಂಡೆಯ ಮರೆಗಳಲ್ಲಿ ಕೆಂಪು ಬಣ್ಣದಲ್ಲಿ ಬರೆದ ಚಿತ್ರಗಳಿವೆ, ಜಿಂಕೆ, ಕುದುರೆ, ಬೇಟೆಯವರು. ಮಾರ್ಗದರ್ಶಕರು ಕೋಲಿನ ತುದಿಯಿಂದ ದೂರದಲ್ಲೇ ತೋರಿಸಿದರು, ಮುಟ್ಟಗೊಡಲಿಲ್ಲ. ಅವರ ಈ ಶಿಸ್ತು ಅಲ್ಲಲ್ಲಿ ಬಂಡೆಗೆ ಹೆಸರು ಕೊರೆದು ಹೋದ ಓದಿದವರಿಗೆ ಇದ್ದಿದ್ದರೆ ಚೆನ್ನಾಗಿತ್ತು.

ಮೇಲೆ ಮುಟ್ಟಿದಾಗ ನಾನು ಒಂದು ಕ್ಷಣ ಊರು ಬಂತು ಅಂದುಕೊಂಡೆ. ಕಲ್ಲಿನ ಮನೆಗಳು. ಮೂರು ಕಡೆ ನೆಟ್ಟಗೆ ನಿಲ್ಲಿಸಿದ ಚಪ್ಪಡಿ, ಮೇಲೊಂದು ಚಪ್ಪಡಿ, ಕೆಲವಕ್ಕೆ ನಾಲ್ಕನೆಯದೂ ಉಂಟು, ಅದರಲ್ಲಿ ದುಂಡನೆಯ ಕಿಂಡಿ. ಕೆಲವು ನಮ್ಮ ಮೊಣಕಾಲೆತ್ತರ, ಕೆಲವು ಆಳೆತ್ತರ ಮೀರಿ. ಸುತ್ತಿನವರು ಇವನ್ನು ಮೋರ್ಯರ ಮನೆ ಅನ್ನುತ್ತಾರೆ, ಗುಡ್ಡಕ್ಕೆ ಮೋರ್ಯರ ಗುಡ್ಡ. ಮೋರ್ಯರು ಗಿಡ್ಡ ಮನುಷ್ಯರಂತೆ, ಕಿಂಡಿಯಲ್ಲಿ ನುಸುಳಿ ಒಳಹೋಗುತ್ತಿದ್ದರಂತೆ. ವಿದ್ವಾಂಸರು ಹೇಳುವುದು ಇವು ಕಬ್ಬಿಣಯುಗದವರು ಸತ್ತವರಿಗಾಗಿ ಕಟ್ಟಿದ ಶಿಲಾಗೋರಿಗಳು, ಎರಡೂವರೆ ಸಾವಿರ ವರ್ಷಗಳಷ್ಟು ಹಳೆಯವು ಎಂದು. ಎಲ್ಲ ಸೇರಿ ಸುಮಾರು ನಾನೂರು ಇವೆ. 1835ರಲ್ಲೇ ಇಂಗ್ಲಿಷ್ ಅಧಿಕಾರಿ ಮೆಡೋಸ್ ಟೇಲರ್ ಈ ಜಾಗದ ಬಗ್ಗೆ ಬರೆದಿದ್ದ. 2021ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿತು. ಪಟ್ಟಿಗೆ ಸೇರಿದ ಸುದ್ದಿ ಮೇಲೆ ಗುಡ್ಡಕ್ಕೆ ಇನ್ನೂ ಮುಟ್ಟಿದಂತಿಲ್ಲ, ನಾವಿದ್ದಷ್ಟು ಹೊತ್ತು ನಾಲ್ಕನೇ ಮನುಷ್ಯ ಕಾಣಲಿಲ್ಲ.

ನನಗೆ ಕುತೂಹಲ ಇದ್ದದ್ದು ಬೇರೆ. ಇಷ್ಟು ತೆಳುವಾದ, ಇಷ್ಟು ಅಗಲದ ಚಪ್ಪಡಿಗಳನ್ನು ಯಾವ ಯಂತ್ರವೂ ಇಲ್ಲದ ಕಾಲದಲ್ಲಿ ಹೇಗೆ ಎಬ್ಬಿಸಿದರು? ಉತ್ತರ ಕಾಲ ಕೆಳಗೇ ಇತ್ತು. ಈ ಬಂಡೆಗಳು ಈರುಳ್ಳಿಯ ಹಾಗೆ ಪದರು ಪದರಾಗಿ ಬಿಡುತ್ತವೆ. ನೆಲದಾಳದಲ್ಲಿ ಹುಟ್ಟಿದ ಕಲ್ಲು ಮೇಲಿನ ಭಾರ ಕರಗಿದ ಮೇಲೆ ಬಿರಿಯುತ್ತದೆ. ಹಗಲ ಕಾವು, ರಾತ್ರಿಯ ತಂಪು ಸಾವಿರಾರು ವರ್ಷ ಬಡಿದು ಬಡಿದು ಆ ಬಿರುಕನ್ನು ಅಗಲಿಸುತ್ತವೆ. ಹಾಗೆ ತಾನಾಗೇ ಅರ್ಧ ಎದ್ದ ಪದರನ್ನು ಅವರು ಪೂರ್ತಿ ಎಬ್ಬಿಸಿಕೊಂಡರು. ನಾವು ಬಯ್ಯುವ ಬಿಸಿಲು ಅವರಿಗೆ ಅರ್ಧ ಕೆಲಸ ಮಾಡಿ ಕೊಟ್ಟಿತ್ತು. ಕಲ್ಲು ತೆಗೆದ ತಗ್ಗಿನಲ್ಲಿ ನೀರು ನಿಂತು ಹೊಂಡವಾಗಿದೆ. ಮಾರ್ಚಿನಲ್ಲೂ ಅದರಲ್ಲಿ ನೀರಿತ್ತು, ಅಂಚಿನಲ್ಲಿ ಹೆಜ್ಜೆಗಳಿದ್ದವು. ಮಾರ್ಗದರ್ಶಕರು ಬಗ್ಗಿ ನೋಡಿ, "ಕರಡಿ. ನಿನ್ನೆ ರಾತ್ರಿದು" ಅಂದರು. ಇವರು ಹೊಂಡದ ಫೋಟೋ ತೆಗೆಯುವುದನ್ನು ಅಲ್ಲಿಗೇ ನಿಲ್ಲಿಸಿದರು.

ನಗಾರಿ ಕಲ್ಲಿನದು ಇನ್ನೊಂದು ಕೌತುಕ. ಎತ್ತರದ ಬಂಡೆಯ ತಲೆಯ ಮೇಲೆ ನಗಾರಿಯ ಆಕಾರದ ದೊಡ್ಡ ಕಲ್ಲು. ಮಾರ್ಗದರ್ಶಕರು ಸರಸರ ಹತ್ತಿ ಕಟ್ಟಿಗೆಯಿಂದ ಹೊಡೆದರು. ಕಲ್ಲಿನಿಂದ ಅಂಥ ನಾದ ಬರುತ್ತದೆ ಅಂತ ಹೇಳಿದರೆ ನಾನೂ ನಂಬುತ್ತಿರಲಿಲ್ಲ. ಗುಡ್ಡದಿಂದ ಗುಡ್ಡಕ್ಕೆ ಹೋಯಿತು. ಯಾರನ್ನು ಕರೆಯುವುದಕ್ಕೆ, ಸಾವು ಸಾರುವುದಕ್ಕೋ, ಶತ್ರು ಬಂದನೆಂದೋ? ಇವರು ತಮಗೂ ಹತ್ತಬೇಕು ಅಂದರು, ನಾನು ಮೊಣಕಾಲಿನ ವಿಷಯ ಎತ್ತಿದೆ. ಮಾತು ಅಲ್ಲಿಗೆ ಮುಗಿಯಿತು.

ಒಂದು ಚಪ್ಪಡಿಯ ನೆರಳಿನಲ್ಲಿ ಬುತ್ತಿ ಬಿಚ್ಚಿದೆ. ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ, ಗಟ್ಟಿ ಮೊಸರು, ಹಸಿ ಮೆಂತ್ಯೆ ತಪ್ಪಲು, ಉಳ್ಳಾಗಡ್ಡಿ. ಗೋರಿಯ ಹತ್ತಿರ ಉಣ್ಣುವುದು ಸರಿಯೋ ಅಂತ ನನಗೆ ಅಳುಕು. ಮಾರ್ಗದರ್ಶಕರು ಉಳ್ಳಾಗಡ್ಡಿ ಗುದ್ದಿ ಒಡೆಯುತ್ತ, "ಅವ್ರು ಏನೂ ಅನ್ನಂಗಿಲ್ಲ ಬಿಡ್ರಿ, ನಾ ದಿನಾ ಉಣ್ತೀನಿ" ಅಂದರು. ಅವರ ಪ್ರಕಾರ ಈ ಗುಡ್ಡಕ್ಕೆ ಬರಲು ಶ್ರಾವಣವೇ ಒಳ್ಳೆಯದು, ಎಲ್ಲ ಹಸಿರಿರುತ್ತದೆ. ನನಗೆ ಹಾಗನ್ನಿಸಲಿಲ್ಲ. ಹುಲ್ಲು ಒಣಗಿ, ಗಿಡ ಎಲೆ ಉದುರಿಸಿದ್ದಕ್ಕೇ ಆ ಮನೆಗಳ ಸಾಲು ಒಂದೇ ನೋಟಕ್ಕೆ ಸಿಕ್ಕಿತ್ತು. ಕೆಳಗಿನ ಇಳಿಜಾರಿನಲ್ಲಿ ಅಲ್ಲೊಂದು ಇಲ್ಲೊಂದು ಮುತ್ತಲ ಗಿಡ ಕೆಂಡ ಹೊತ್ತು ನಿಂತಿದ್ದವು. ಹಳದಿ ಕೊರಳಿನ ಪಿಕಳಾರ ಬಂಡೆಯಿಂದ ಪೊದೆಗೆ ಹಾರಿತು. ಈ ಹಕ್ಕಿ ನಮ್ಮ ದಕ್ಷಿಣ ಭಾರತದ ಕಲ್ಲುಗುಡ್ಡ ಬಿಟ್ಟು ಬೇರೆಲ್ಲೂ ಸಂಸಾರ ಹೂಡುವುದಿಲ್ಲ. ಅದರ ರುಚಿಯ ಬಗ್ಗೆ ನನಗೆ ಗೌರವ ಬಂತು.

ಇಳಿಯುವಾಗ ಬಿಸಿಲು ಬೆನ್ನಿಗೆ ಬಿದ್ದಿತ್ತು. ಗಂಗಾವತಿಗೆ ಹೋಗಿ ಮಂಡಕ್ಕಿ ಒಗ್ಗರಣಿ, ಮಿರ್ಚಿ ತಿಂದೇ ಹೋಗೋಣ ಅಂತ ಇವರ ಹಟ. ಬುತ್ತಿ ಉಂಡು ತಾಸಾಗಿರಲಿಲ್ಲ. ತಿಂದೆವು.

ಗುರುವಾರ

ಮೊಣಕಾಲಿಗೆ ಎಣ್ಣೆ. ಹುಣಸೆಹಣ್ಣು ಬಿಡಿಸಿದ್ದೇ ದಿನದ ಕೆಲಸ.

ಶುಕ್ರವಾರ

ಇಟಗಿಗೆ ಹೋಗುವ ದಾರಿಯಲ್ಲಿ ನೆಲದ ಬಣ್ಣವೇ ಬದಲಾಗುತ್ತದೆ. ಕೆಂಪು ಮಸಾರಿ, ಬಂಡೆ ಎಲ್ಲ ಹಿಂದೆ ಉಳಿದು ಎರಿ ಹೊಲ ಶುರು. ಬಿಳಿಜೋಳ ಕೊಯ್ದಾಗಿತ್ತು, ಹೊಲದಲ್ಲಿ ಕೂಳೆ. ಒಂದು ಕಡೆ ರಾಶಿ ಯಂತ್ರದ ಧೂಳು ಮೇಲೆದ್ದಿತ್ತು. ಕುಕನೂರಿನ ಕಡೆಯ ಹೊಲಗಳಲ್ಲಿ ಚಿಗರಿ ಹಿಂಡು ಸಿಕ್ಕಿತು. ಗಂಡು ಒಂದೇ, ಬೆನ್ನು ಕಪ್ಪು, ಕೊಂಬು ತಿರುಚಿದ್ದು. ಉಳಿದವು ಕಂದು ಹೆಣ್ಣು. ರಸ್ತೆಯಲ್ಲಿ ಗಾಡಿ ನಿಂತದ್ದೇ ಅವು ತಲೆಯೆತ್ತಿ ನೋಡಿ, ಒಂದರ ಹಿಂದೆ ಒಂದು ಪುಟಿಯುತ್ತ ಹೋದವು. ನೋಡಲು ಚೆಂದವೇ. ಬಿತ್ತಿದವನನ್ನು ಕೇಳಿದರೆ ಬೇರೆ ಮಾತು ಬರುತ್ತದೆ, ಮೊಳಕೆಯಲ್ಲೇ ಮೇಯ್ದು ಹೋಗುತ್ತವೆ.

ಇಟಗಿಯ ಮಹಾದೇವ ಗುಡಿಯನ್ನು 1112ರಲ್ಲಿ ಕಟ್ಟಿಸಿದವನು ಚಾಲುಕ್ಯ ಆರನೇ ವಿಕ್ರಮಾದಿತ್ಯನ ದಂಡನಾಯಕ, ಹೆಸರು ಮಹಾದೇವನೇ. ದೇವಾಲಯ ಚಕ್ರವರ್ತಿ ಅಂತ ಅಲ್ಲಿಯ ಶಾಸನವೇ ಗುಡಿಯನ್ನು ಹೊಗಳಿಕೊಂಡಿದೆ. ಮೂರು ದಿನ ಗಟ್ಟಿ ಕಲ್ಲನ್ನೇ ನೋಡಿದ ಕಣ್ಣಿಗೆ ಇಲ್ಲಿಯ ಮೆದು ಬಳಪದ ಕಲ್ಲು ಬೇರೆಯೇ ಲೋಕ. ಕಂಬಗಳನ್ನು ತಿರುಗಣೆಗೆ ಕೊಟ್ಟು ಕಡೆದಿದ್ದಾರೆ, ಬಾಗಿಲವಾಡದ ಬಳ್ಳಿಗಳಲ್ಲಿ ಬೆರಳು ತೂರುವಷ್ಟು ಕೊರೆದಿದ್ದಾರೆ. ನಮ್ಮನೆಯವರು ಪ್ರತಿ ಕಂಬಕ್ಕೂ ಟಾರ್ಚು ಹಾಕಿ ನೋಡಿದರು. ನಾನು ಪುಷ್ಕರಿಣಿಯ ಮೆಟ್ಟಿಲ ಮೇಲೆ ಬೇವಿನ ನೆರಳಿಗೆ ಕೂತೆ. ಬೇವು ಹೂ ಬಿಟ್ಟಿತ್ತು, ಉಗಾದಿಯ ಬೇವಿಗೆ ಇಲ್ಲಿಂದಲೇ ಒಂದಿಷ್ಟು ಉದುರಿಸಿ ಸೆರಗಿನಲ್ಲಿ ಕಟ್ಟಿಕೊಂಡೆ. ನಮ್ಮ ಕಡೆ ಬೇವನ್ನು ಕುಡಿಯುವುದಲ್ಲವೆ, ಹುಣಸೆಹಣ್ಣು, ಬೆಲ್ಲ, ಪುಟಾಣಿ ಹಿಟ್ಟು ಹಾಕಿದ ಪಾನಕಕ್ಕೆ ಹೂ ಹದವಾಗಿ ಒಣಗಿರಬೇಕು. ಕುಕನೂರಿನ ನವಲಿಂಗ ಗುಡಿಗಳಿಗೂ ಹೋದೆವು, ಆದರೆ ಹತ್ತು ಗಂಟೆಯಾಗಿತ್ತು, ಷರತ್ತು ನೆನಪಿಸಿದೆ.

ರವಿವಾರ

ಶನಿವಾರ ಆನೆಗೊಂದಿ ಕಡೆ ಹೋಗುವುದು ಬೇಡ ಅಂತ ಇಬ್ಬರೂ ಒಪ್ಪಿದ್ದೆವು. ಅಂಜನಾದ್ರಿಯ ಹನುಮಪ್ಪನ ವಾರ ಅದು. ಹಾಗಾಗಿ ರವಿವಾರ ನಸುಕಿಗೆ ಹೊರಟು, ಬೆಟ್ಟ ಹತ್ತುವ ಮೆಟ್ಟಿಲನ್ನು ದೂರದಿಂದಲೇ ನೋಡಿ, ನದಿಗೆ ಹೋದೆವು.

ಮಾರ್ಚಿನ ತುಂಗಭದ್ರೆ ಹರಿಯುವುದಕ್ಕಿಂತ ಬಂಡೆಗಳ ನಡುವೆ ದಾರಿ ಹುಡುಕುವುದೇ ಹೆಚ್ಚು. ನೀರು ಕಡಿಮೆಯಾದಾಗಲೇ ಇದರ ಮೈ ಕಾಣುವುದು: ನುಣ್ಣಗೆ ಸವೆದ ಗುಂಡಿಗಳು, ಕಲ್ಲಿನ ತೊಟ್ಟಿಗಳು. ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿಲೋಮೀಟರು ಹೊಳೆಯನ್ನು 2015ರಲ್ಲಿ ನೀರುನಾಯಿಗಳ ಸಂರಕ್ಷಿತ ಪ್ರದೇಶ ಮಾಡಿದ್ದಾರೆ. ನಾವು ಒಂದು ಬಂಡೆ ಹಿಡಿದು ಕೂತೆವು. ಇವರು ಮಾತಾಡದೆ ಅಷ್ಟು ಹೊತ್ತು ಕೂತದ್ದೇ ನನಗೆ ದೊಡ್ಡ ದರ್ಶನ. ಕೊನೆಗೂ ನೀರಿನಲ್ಲಿ ಮೂರು ತಲೆ ಎದ್ದವು, ಮುಳುಗಿದವು, ಆಚೆ ದಡದ ಬಂಡೆಯ ಮೇಲೆ ಒಂದು ಹತ್ತಿ ಮೀನು ಹಿಡಿದು ತಲೆಯ ಕಡೆಯಿಂದ ಕಡಿಯತೊಡಗಿತು. ಕರಕರ ಸದ್ದು ನಮ್ಮವರೆಗೂ ಬಂತು. ಮೀನುಗಾರರಿಗೆ ಇವು ಬಲೆ ಹರಿಯುವ ಕಳ್ಳರು.

ದಡದಲ್ಲಿ ತೆಪ್ಪಗಳನ್ನು ಬೋರಲು ಹಾಕಿದ್ದರು. ಹದಿನಾರನೇ ಶತಮಾನದಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಈ ದುಂಡು ದೋಣಿಗಳನ್ನು ಕಂಡು ಬರೆದಿಟ್ಟಿದ್ದಾನೆ, ಬುಟ್ಟಿಯಂತೆ ಹೆಣೆದು ತೊಗಲು ಹೊದಿಸಿದ್ದು ಎಂದು. ಈಗ ತೊಗಲಿನ ಜಾಗದಲ್ಲಿ ಪ್ಲಾಸ್ಟಿಕ್ ಚೀಲ ಮತ್ತು ಡಾಂಬರು. ಆಕಾರ ಮಾತ್ರ ಬದಲಾಗಿಲ್ಲ, ಬಂಡೆಗೆ ತಾಗಿದರೂ ತಿರುಗಿ ಪಾರಾಗಲು ದುಂಡಗೇ ಇರಬೇಕು. ಇಲ್ಲಿ ಕಟ್ಟುತ್ತಿದ್ದ ಸೇತುವೆ 2009ರಲ್ಲಿ ಕುಸಿದು ಬಿತ್ತು; ಮುರಿದ ಕಂಬಗಳು ಬಹಳ ಕಾಲ ನೀರಿನಲ್ಲೇ ನಿಂತಿದ್ದವು. ತೆಪ್ಪದವನ ಹತ್ತಿರ ಇವರು ಚೌಕಾಸಿ ಮಾಡಿದರು, ನಾನು ಹತ್ತಿ ಕೂತೇಬಿಟ್ಟೆ. ಹಾಗೆ ಹತ್ತಿ ಕೂತವರ ಹತ್ತಿರ ಯಾರು ರೇಟು ಇಳಿಸುತ್ತಾರೆ?

ಆನೆಗೊಂದಿಯ ಬಾಳೆ ತೋಟಗಳ ನಡುವೆ ತಿರುಗಿ ಬರುವಾಗ ಇವರು ಮುಂದಿನದನ್ನು ಎತ್ತಿದರು. ದರೋಜಿ. 1994ರಲ್ಲಿ ಆದ ಕರಡಿಧಾಮ, ವೀಕ್ಷಣಾ ಗೋಪುರದಿಂದ ಕರಡಿ ಕಾಣುತ್ತವೆ.

"ಯಾವಾಗ ಕಾಣ್ತಾವ್ರಿ?"

"ಮಧ್ಯಾಹ್ನ ಆದ ಮ್ಯಾಲೆ. ಸಂಜೀತನ."

"ಮಾರ್ಚನ್ಯಾಗ, ಮಧ್ಯಾಹ್ನ, ಬಳ್ಳಾರಿ ಕಡೆ?"

"ಕರಡಿಗೆ ನಿನ್ನ ಷರತ್ತು ಹೇಳಾಕ ಬರಂಗಿಲ್ಲಲ್ಲ."

"ಹಂಗಾದ್ರ ಕಾರ್ತೀಕ ಮುಗೀಲಿ" ಅಂದೆ. ಅವರು ಒಪ್ಪಿಲ್ಲ. ಉಗಾದಿಗೆ ಮಗಳು ಬರುತ್ತಾಳೆ, ಆಕೆಯನ್ನು ತಮ್ಮ ಕಡೆ ಮಾಡಿಕೊಳ್ಳುವ ಹವಣಿಕೆಯಲ್ಲಿದ್ದಾರೆ.